ಚಿತ್ರದಲ್ಲಿಲ್ಲದ ಗೆರೆ

(ಕಲಬುರಗಿಯಲ್ಲಿ ಹಿರಿಯ ಪ್ರಾಥಮಿಕ ಮತ್ತು ಪ್ರೌಢಶಾಲೆಗಳ ಗಣಿತ ಶಿಕ್ಷಕರು ಹಾಗೂ ಪಾಲಕರ ಮುಂದೆ ನೀಡಿದ ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ಶರಣು.

ಏಳನೆಯ ತರಗತಿಯ ಮಗುವಿನ ನೋಟುಪುಸ್ತಕದಲ್ಲಿ ರೇಖೆಗಳು ಮತ್ತು ಕೋನಗಳ ಪಾಠವನ್ನು ತೆರೆದು ನೋಡಿ. ಮೊದಲು ಕಣ್ಣಿಗೆ ಬೀಳುವುದು ಹೆಸರುಗಳ ಪಟ್ಟಿ. ಪೂರಕ ಕೋನಗಳು, ಪರಿಪೂರಕ ಕೋನಗಳು, ಪಾರ್ಶ್ವಕೋನಗಳು, ಸರಳಯುಗ್ಮ, ಶೃಂಗಾಭಿಮುಖ ಕೋನಗಳು. ಛೇದಕ ರೇಖೆ, ಅಂದರೆ ಎರಡು ರೇಖೆಗಳನ್ನು ಹಾದುಹೋಗುವ ಮೂರನೆಯ ರೇಖೆ, ಬಂದ ಕೂಡಲೇ ಪಟ್ಟಿ ಇನ್ನಷ್ಟು ಉದ್ದವಾಗುತ್ತದೆ: ಅನುರೂಪ ಕೋನಗಳು, ಪರ್ಯಾಯ ಕೋನಗಳು, ಛೇದಕದ ಒಂದೇ ಬದಿಯ ಒಳಕೋನಗಳು. ಪ್ರತಿಯೊಂದರ ಮುಂದೆ ‘ಸಮ’ ಎಂದೋ ‘ಮೊತ್ತ 180 ಡಿಗ್ರಿ’ ಎಂದೋ ಬರೆದು ಕೆಳಗೆ ಗೆರೆ ಎಳೆದಿರುತ್ತದೆ. ಮಗು ಅದನ್ನು ಬಾಯಿಪಾಠ ಮಾಡುತ್ತದೆ, ಪರೀಕ್ಷೆಯಲ್ಲಿ ಅಂಕವನ್ನೂ ಪಡೆಯುತ್ತದೆ. ಒಂಬತ್ತನೆಯ ತರಗತಿಗೆ ಬಂದು ‘ಸಾಧಿಸಿ’ ಎಂಬ ಪ್ರಶ್ನೆ ಎದುರಾದಾಗ ಕೈಚೆಲ್ಲಿ ಕುಳಿತುಬಿಡುತ್ತದೆ. ಆಗ ನಾವು ಮಗುವಿಗೆ ಗಣಿತ ತಲೆಗೆ ಹತ್ತುವುದಿಲ್ಲ ಎನ್ನುತ್ತೇವೆ. ಈ ತೀರ್ಪು ಅನ್ಯಾಯದ್ದು.

ನಾನು ಒಂದೇ ಮಾತನ್ನು ಹಿಡಿದುಕೊಂಡು ಬಂದಿದ್ದೇನೆ. ಈ ಇಡೀ ಪಟ್ಟಿ ನಿಂತಿರುವುದು ಎರಡು ಸಂಗತಿಗಳ ಮೇಲೆ. ಸರಳರೇಖೆಯ ಮೇಲೆ ಯಾವ ಬಿಂದುವಿನಲ್ಲಿ ನಿಂತರೂ ಅದರ ಒಂದು ಬದಿಗೆ ಅರ್ಧ ಸುತ್ತು ಇರುತ್ತದೆ ಎಂಬುದು ಮೊದಲನೆಯದು. ಎರಡು ಸಮಾಂತರ ರೇಖೆಗಳನ್ನು ಮತ್ತೊಂದು ರೇಖೆ ಹಾದುಹೋದರೆ ಎರಡನ್ನೂ ಅದು ಒಂದೇ ಓರೆಯಲ್ಲಿ ದಾಟುತ್ತದೆ ಎಂಬುದು ಎರಡನೆಯದು. ಇವೆರಡು ಮಗುವಿನ ಕೈವಶವಾದರೆ ಉಳಿದದ್ದನ್ನು ಅದು ತಾನೇ ಕಟ್ಟಿಕೊಳ್ಳುತ್ತದೆ. ಅಷ್ಟೇ ಅಲ್ಲ, ಬೇಕಾದಾಗ ಚಿತ್ರದಲ್ಲಿ ಇಲ್ಲದ ಗೆರೆಯೊಂದನ್ನು ತಾನಾಗಿ ಎಳೆಯುವ ಧೈರ್ಯವೂ ಅದಕ್ಕೆ ಬರುತ್ತದೆ. ರೇಖಾಗಣಿತ ಬಂತು ಎನ್ನಲು ನನ್ನ ಮಟ್ಟಿಗೆ ಅದೇ ಗುರುತು.

ಕೋನ ಎಂದರೆ ಏನು ಎಂಬಲ್ಲಿಂದಲೇ ಹೊರಡೋಣ, ಏಕೆಂದರೆ ಎಡವಟ್ಟು ಶುರುವಾಗುವುದು ಅಲ್ಲಿಯೇ. ಕಪ್ಪುಹಲಗೆಯ ಮೇಲೆ 40 ಡಿಗ್ರಿಯ ಎರಡು ಕೋನಗಳನ್ನು ಬರೆಯಿರಿ. ಒಂದರ ಬಾಹುಗಳು ಗೇಣುದ್ದ ಇರಲಿ, ಇನ್ನೊಂದರವು ಮೊಳದುದ್ದ ಇರಲಿ. ಯಾವುದು ದೊಡ್ಡದು ಎಂದು ಕೇಳಿ. ಉದ್ದ ಬಾಹುಗಳದ್ದೇ ದೊಡ್ಡದು ಎಂದು ಹಲವು ಮಕ್ಕಳು ಹೇಳುತ್ತಾರೆ. ಕೋನವನ್ನು ಅವರು ಎರಡು ಗೆರೆಗಳ ಚಿತ್ರವಾಗಿ ನೋಡುತ್ತಿದ್ದಾರೆ, ತಿರುಗುವಿಕೆಯಾಗಿ ನೋಡುತ್ತಿಲ್ಲ. ಅವರನ್ನು ಎಬ್ಬಿಸಿ ನಿಲ್ಲಿಸಿ. ಕಿಟಕಿಯ ಕಡೆಗೆ ಕೈಚಾಚಿ, ಅಲ್ಲಿಂದ ಬಾಗಿಲಿನ ಕಡೆಗೆ ತಿರುಗಲು ಹೇಳಿ. ಗಿಡ್ಡ ಹುಡುಗಿಯೂ ಎತ್ತರದ ಹುಡುಗನೂ ಒಂದೇ ಜಾಗದಲ್ಲಿ ನಿಂತು ತಿರುಗಿದರೆ ಅಷ್ಟೇ ತಿರುಗುತ್ತಾರೆ. ಕೈಯ ಉದ್ದ ಲೆಕ್ಕಕ್ಕೆ ಬರುವುದಿಲ್ಲ. ಎದುರು ನೋಡುತ್ತಿದ್ದವರು ಬೆನ್ನ ಹಿಂದೆ ನೋಡುವಷ್ಟು ತಿರುಗಿದರೆ ಅದು ಅರ್ಧ ಸುತ್ತು. ಪೂರ್ತಿ ಸುತ್ತಿಗೆ 360 ಎಂಬ ಎಣಿಕೆ ಅರವತ್ತರ ಲೆಕ್ಕದಲ್ಲಿ ಪಳಗಿದ್ದ ಬ್ಯಾಬಿಲೋನಿಯನ್ನರ ಕಡೆಯಿಂದ ಬಂದದ್ದು. ಅವರು ಬೇರೆ ಸಂಖ್ಯೆ ಆರಿಸಿಕೊಂಡಿದ್ದರೂ ಅರ್ಧ ಸುತ್ತು ಅರ್ಧ ಸುತ್ತಾಗಿಯೇ ಇರುತ್ತಿತ್ತು. 180ಕ್ಕೆ ಅಂಜಿಕೊಳ್ಳುವ ಮಗುವಿಗೆ ಇದನ್ನು ಹೇಳಲೇಬೇಕು.

ಅರ್ಧ ಸುತ್ತು ಗೊತ್ತಾದ ಮೇಲೆ ಸರಳಯುಗ್ಮವನ್ನು ಕಲಿಸುವ ಅಗತ್ಯವೇ ಇಲ್ಲ. ಗೆರೆಯ ಮೇಲೆ ಇನ್ನೊಂದು ಕಿರಣ ನಿಂತು ಅರ್ಧ ಸುತ್ತನ್ನು ಎರಡು ಪಾಲು ಮಾಡಿದೆ, ಅಷ್ಟೇ. ಒಂದು ಪಾಲು 70 ಆದರೆ ಇನ್ನೊಂದು 110. ಈಗ ಆ ಕಿರಣವನ್ನು ಹಿಂದಕ್ಕೂ ಚಾಚಿ. ಎರಡು ಸರಳರೇಖೆಗಳು ಒಂದನ್ನೊಂದು ದಾಟಿ ನಾಲ್ಕು ಕೋನಗಳಾದವು. 110ರ ಪಕ್ಕದಲ್ಲಿರುವ ಮೂರನೆಯ ಕೋನ ಎಷ್ಟು? ಅದೂ 110ರ ಜೊತೆ ಸೇರಿ ಅರ್ಧ ಸುತ್ತನ್ನು ತುಂಬಬೇಕು, ಹಾಗಾಗಿ 70. ಮೊದಲನೆಯದು 70, ಅದರ ಎದುರಿನದೂ 70. ಇಬ್ಬರಿಗೂ ನಡುವಿನ ನೆರೆಯವನು ಒಬ್ಬನೇ ಆದ್ದರಿಂದ ಇಬ್ಬರ ಪಾಲೂ ಒಂದೇ ಆಗಬೇಕಾಯಿತು. ಶೃಂಗಾಭಿಮುಖ ಕೋನಗಳು ಸಮ ಎಂಬ ಮಾತಿನ ಪೂರ್ತಿ ಸಾಧನೆ ಇದು. ಪ್ರಾಚೀನ ಗ್ರೀಕರು ಇದನ್ನು ಮೊದಲು ಕಂಡವನು ಥೇಲೀಸ್ ಎಂದು ಹೇಳಿಕೊಂಡು ಬಂದಿದ್ದಾರೆ. ಯೂಕ್ಲಿಡ್ ತನ್ನ ‘ಎಲಿಮೆಂಟ್ಸ್’ ಗ್ರಂಥದ ಮೊದಲ ಸಂಪುಟದ 15ನೆಯ ಪ್ರಮೇಯದಲ್ಲಿ ಇದನ್ನು ಸಾಧಿಸಿದ್ದಾನೆ. ಮಕ್ಕಳ ಕೈಗೆ ಒಂದು ಕತ್ತರಿ ಕೊಟ್ಟು ತೆರೆದು ಮುಚ್ಚಿಸಿ. ಹಿಡಿಯ ಕಡೆ ಎಷ್ಟು ಬಾಯಿ ತೆರೆಯುತ್ತದೆಯೋ ಅಲಗಿನ ಕಡೆಯೂ ಅಷ್ಟೇ ತೆರೆಯುವುದನ್ನು ಅವರೇ ನೋಡಲಿ. ಆದರೆ ಕತ್ತರಿಯನ್ನು ತೋರಿಸಿ ಅಲ್ಲಿಗೇ ನಿಲ್ಲಿಸಬೇಡಿ. ಏಕೆ ಹಾಗೆ ಎಂದು ಕೇಳಿ, ಮೂರು ಸಾಲಿನ ಉತ್ತರ ಬರುವವರೆಗೆ ಕಾಯಿರಿ.

ಸಮಾಂತರ ರೇಖೆಗಳ ಪಾಠದಲ್ಲಿ ನಮ್ಮ ಮಕ್ಕಳಿಗೆ ದೊಡ್ಡ ಪೆಟ್ಟು ಬೀಳುವುದು ಒಂದು ಷರತ್ತನ್ನು ನಾವು ಬೇಗಬೇಗ ಹೇಳಿ ಮುಗಿಸುವುದರಿಂದ. ಅನುರೂಪ ಕೋನಗಳು ಎಂದರೆ ಛೇದಕದ ಒಂದೇ ಬದಿಯಲ್ಲಿ, ಎರಡೂ ರೇಖೆಗಳಿಗೆ ಒಂದೇ ತೆರನಾದ ಜಾಗದಲ್ಲಿ ಕುಳಿತ ಕೋನಗಳು. ಪರ್ಯಾಯ ಕೋನಗಳು ಎಂದರೆ ಎರಡು ರೇಖೆಗಳ ನಡುವೆ, ಛೇದಕದ ಎದುರುಬದುರು ಬದಿಗಳಲ್ಲಿ, ಒಂದೊಂದು ರೇಖೆಯ ಬಳಿ ಒಂದೊಂದಾಗಿ ಕುಳಿತ ಕೋನಗಳು. ಇದು ಅವುಗಳ ಜಾಗದ ವಿವರ ಮಾತ್ರ. ಎರಡು ರೇಖೆಗಳು ಅಡ್ಡಾದಿಡ್ಡಿ ಇದ್ದರೂ ಅನುರೂಪ ಕೋನಗಳು ಇರುತ್ತವೆ. ಒಂದು 60, ಇನ್ನೊಂದು 75 ಇರಬಹುದು. ಅವು ಸಮವಾಗುವುದು ರೇಖೆಗಳು ಸಮಾಂತರವಾಗಿದ್ದಾಗ ಮಾತ್ರ. ‘ಅನುರೂಪ ಕೋನಗಳು ಸಮ’ ಎಂದು ಒಂದೇ ಉಸಿರಿನಲ್ಲಿ ಕಲಿತ ಮಗು ಸಮಾಂತರವಲ್ಲದ ರೇಖೆಗಳ ಚಿತ್ರ ಕಂಡರೂ ಸಮ ಎಂದು ಬರೆದುಬಿಡುತ್ತದೆ. ಅದಕ್ಕೇ ಶಿಕ್ಷಕ ಮಿತ್ರರಲ್ಲಿ ಒಂದು ಬೇಡಿಕೆ. ಈ ಹೆಸರುಗಳನ್ನು ಮೊದಲು ಓರೆಕೋರೆ ರೇಖೆಗಳ ಮೇಲೆಯೇ ಕಲಿಸಿ. ಜಾಗ ಗುರುತಿಸುವುದು ಚೆನ್ನಾಗಿ ಬಂದ ಮೇಲೆ, ಬೇರೊಂದು ದಿನ ಸಮಾಂತರ ರೇಖೆಗಳನ್ನು ತನ್ನಿ. ಆಗ ಸಮತೆ ಎಂಬುದು ಮಕ್ಕಳಿಗೆ ಸುದ್ದಿಯಾಗುತ್ತದೆ.

ಇದಕ್ಕೆ ನಮ್ಮ ಭಾಗದಲ್ಲಿ ಇರುವಂಥ ಅನುಕೂಲ ಬೇರೆ ಕಡೆ ಸಿಗುವುದು ಕಷ್ಟ. ಇಲ್ಲಿನ ಎಷ್ಟೋ ಶಾಲೆ, ಮನೆ, ಗುಡಿಗಳ ನೆಲಕ್ಕೆ ಶಹಾಬಾದ್ ಕಲ್ಲು ಹಾಸಿರುತ್ತದೆ. ಚೌಕ ಕಲ್ಲುಗಳ ಸಂದುಗಳು ಗೋಡೆಯಿಂದ ಗೋಡೆಗೆ ಸಾಲಾಗಿ ಹೋಗಿರುತ್ತವೆ. ಒಂದು ಉದ್ದ ದಾರಕ್ಕೆ ಸುಣ್ಣ ಹಚ್ಚಿ, ಇಬ್ಬರು ಮಕ್ಕಳು ಕೋಣೆಯ ಓರೆಗೆ ಬಿಗಿಯಾಗಿ ಹಿಡಿಯಲಿ. ಮೂರನೆಯವರು ನಡುವೆ ದಾರ ಎತ್ತಿ ಬಿಟ್ಟರೆ ನೆಲದ ಮೇಲೆ ಬಿಳಿ ಗೆರೆ ಮೂಡುತ್ತದೆ. ಅದು ಛೇದಕ. ರಟ್ಟಿನ ತುಂಡೊಂದನ್ನು ಮೊದಲ ಸಂದಿನ ಕೋನಕ್ಕೆ ಸರಿಯಾಗಿ ಕತ್ತರಿಸಿಕೊಂಡು, ಗೆರೆಯ ಗುಂಟ ಸರಿಸುತ್ತ ಎರಡನೆಯ, ಮೂರನೆಯ, ನಾಲ್ಕನೆಯ ಸಂದಿನಲ್ಲಿ ಇಟ್ಟು ನೋಡಲಿ. ತುಂಡು ಎಲ್ಲೆಡೆ ಕೂರುತ್ತದೆ. ಅಂಕಿ ಬೇಡ, ಕೋನಮಾಪಕ ಬೇಡ. ಒಂದು ಕಡೆ ರಟ್ಟು ಸರಿಯಾಗಿ ಕೂರದೆ ಸಂದು ಬಿಟ್ಟಿತೆನ್ನಿ. ಅಲ್ಲಿ ಕಲ್ಲು ಸೊಟ್ಟಗೆ ಕೂತಿದೆ ಎಂದು ಮಕ್ಕಳೇ ಕಂಡುಹಿಡಿಯುತ್ತಾರೆ. ಅನುರೂಪ ಕೋನಗಳು ಸಮವಾಗಿಲ್ಲದಿದ್ದರೆ ರೇಖೆಗಳು ಸಮಾಂತರವಲ್ಲ ಎಂಬ ತರ್ಕವನ್ನು ಅವರು ಆ ಹೊತ್ತಿಗೆ ಬಳಸಿಯೇಬಿಟ್ಟಿರುತ್ತಾರೆ.

ಆ ನೆಲ ಹಾಸುವ ಗೌಂಡಿಯ ಕೈಯಲ್ಲಿ ಕೋನಮಾಪಕ ಇರುವುದಿಲ್ಲ ಎಂಬುದನ್ನು ಗಮನಿಸಿ. ಲಂಬಕೋನ ಬೇಕಾದರೆ ಒಂದು ಬದಿಗೆ ಮೂರು ಅಡಿ, ಇನ್ನೊಂದಕ್ಕೆ ನಾಲ್ಕು ಅಡಿ ಗುರುತು ಹಾಕಿ, ಎರಡರ ನಡುವೆ ಸರಿಯಾಗಿ ಐದು ಅಡಿ ಬರುವಂತೆ ಹೊಂದಿಸುತ್ತಾರೆ. ಉದ್ದಗಳಿಂದ ಕೋನವನ್ನು ಪಡೆಯುವ ವಿದ್ಯೆ ಅದು. ಇಲ್ಲಿಂದ ಹತ್ತಿರದ ಮಳಖೇಡದಿಂದ ಆಳಿದ ಅಮೋಘವರ್ಷ ನೃಪತುಂಗನನ್ನು ಗ್ರಂಥದ ಆರಂಭದಲ್ಲಿಯೇ ಕೊಂಡಾಡಿದ ಮಹಾವೀರಾಚಾರ್ಯ ಒಂಬತ್ತನೆಯ ಶತಮಾನದಲ್ಲಿ ಬರೆದ ಗಣಿತಸಾರಸಂಗ್ರಹದ ಕ್ಷೇತ್ರಗಣಿತವೂ ಬಾಹು, ಎತ್ತರ, ಕರ್ಣ, ವಿಸ್ತೀರ್ಣಗಳ ಗಣಿತವೇ. ನಾವು ಇಂದು ಶಾಲೆಯಲ್ಲಿ ಕಲಿಸುವ ಕೋನಗಳ ಸಂಬಂಧ ಬೇರೊಂದು ಪರಂಪರೆಯಿಂದ, ಯೂಕ್ಲಿಡನ ದಾರಿಯಿಂದ ಬಂದದ್ದು. ಎರಡನ್ನೂ ನಮ್ಮ ಮಕ್ಕಳು ತಮ್ಮದಾಗಿಸಿಕೊಳ್ಳಬೇಕು ಎಂದು ನನ್ನ ಆಸೆ. ಆದರೆ ಇವತ್ತಿನ ವಿಷಯ ಕೋನ, ಅಲ್ಲಿಗೇ ಮರಳುತ್ತೇನೆ.

ತ್ರಿಭುಜದ ಮೂರು ಕೋನಗಳ ಮೊತ್ತ 180 ಡಿಗ್ರಿ. ಇದನ್ನು ತೋರಿಸಲು ಕಾಗದದ ತ್ರಿಭುಜದ ಮೂರು ಮೂಲೆಗಳನ್ನು ಹರಿದು ಪಕ್ಕಪಕ್ಕದಲ್ಲಿ ಜೋಡಿಸುತ್ತೇವೆ, ಅಡಿಯಲ್ಲಿ ನೇರ ಗೆರೆ ಬರುತ್ತದೆ. ಒಳ್ಳೆಯ ಚಟುವಟಿಕೆ, ಮಾಡಿಸಿ. ಕೋನಮಾಪಕದಿಂದ ಅಳೆಯಿಸುವುದೂ ಸರಿಯೇ. ಆದರೆ ಅಳೆದಾಗ ಒಬ್ಬಳಿಗೆ 178 ಬರುತ್ತದೆ, ಇನ್ನೊಬ್ಬನಿಗೆ 181 ಬರುತ್ತದೆ. ನಾವು ‘ತಪ್ಪು, 180 ಎಂದು ಬರೆ’ ಎನ್ನುತ್ತೇವೆ. ದಯವಿಟ್ಟು ಹಾಗೆ ಹೇಳಬೇಡಿ. 178 ಎಂದು ಕಂಡದ್ದನ್ನು ಕಂಡ ಹಾಗೆ ಬರೆದ ಹುಡುಗಿ ಪ್ರಾಮಾಣಿಕಳು. ಪೆನ್ಸಿಲಿನ ಗೆರೆಗೆ ದಪ್ಪವಿದೆ, ಕೋನಮಾಪಕದ ಗುರುತಿಗೂ ದಪ್ಪವಿದೆ, ಅಳತೆಯಲ್ಲಿ ಒಂದೆರಡು ಡಿಗ್ರಿ ಹೆಚ್ಚುಕಡಿಮೆ ಆಗಿಯೇ ಆಗುತ್ತದೆ. ಅವಳ 178ನ್ನು ಹಲಗೆಯ ಮೇಲೆ ಬರೆದು, ‘ನಿಜವಾಗಿಯೂ 180 ಎಂದು ಹೇಗೆ ಹೇಳುವುದು? ಬರೆದ ತ್ರಿಭುಜವನ್ನು ಅಳೆದೆವು, ಇನ್ನೂ ಬರೆಯದ ತ್ರಿಭುಜದ ಗತಿ ಏನು?’ ಎಂದು ತರಗತಿಯನ್ನು ಕೇಳಿ. ಸಾಧನೆ ಎಂಬುದರ ಹಸಿವು ಹುಟ್ಟುವುದು ಈ ಪ್ರಶ್ನೆಯಿಂದ.

ಈಗ ಆ ಗೆರೆ ಎಳೆಯೋಣ. ಎಬಿಸಿ ಒಂದು ತ್ರಿಭುಜ, ಬಿಸಿ ಅದರ ಪಾದ, ಮೇಲೆ ಎ ಶೃಂಗ. ಎ ಮೂಲಕ ಪಾದಕ್ಕೆ ಸಮಾಂತರವಾಗಿ ಒಂದು ರೇಖೆ ಎಳೆಯಿರಿ. ಪ್ರಶ್ನೆಯಲ್ಲಿ ಈ ರೇಖೆ ಇರಲಿಲ್ಲ, ಯಾರೂ ಕೊಟ್ಟಿರಲಿಲ್ಲ, ನಾವೇ ತಂದೆವು. ತಂದೊಡನೆ ತ್ರಿಭುಜದ ಎರಡು ಓರೆ ಬಾಹುಗಳು ಛೇದಕಗಳಾದವು. ಬಿ ಕೋನ ಪರ್ಯಾಯ ಕೋನವಾಗಿ ಮೇಲೆ ಎ ಪಕ್ಕದಲ್ಲಿ ಎಡಕ್ಕೆ ಬಂದು ಕುಳಿತಿತು, ಸಿ ಕೋನ ಬಲಕ್ಕೆ ಬಂದಿತು, ನಡುವೆ ಎ ಇದ್ದೇ ಇದೆ. ಮೂರೂ ಒಂದು ನೇರ ರೇಖೆಯ ಮೇಲೆ ಕೂತು ಅರ್ಧ ಸುತ್ತನ್ನು ತುಂಬಿದವು. ಹರಿದ ಕಾಗದದ ಮೂಲೆಗಳು ಏಕೆ ನೇರ ಗೆರೆಯಲ್ಲಿ ನಿಂತವು ಎಂಬುದಕ್ಕೆ ಈಗ ಕಾರಣ ಸಿಕ್ಕಿತು, ಅದೂ ಇನ್ನೂ ಯಾರೂ ಬರೆಯದ ತ್ರಿಭುಜಗಳಿಗೂ ಸೇರಿ. ಯೂಕ್ಲಿಡ್ 32ನೆಯ ಪ್ರಮೇಯದಲ್ಲಿ ಇನ್ನೊಂದು ಗೆರೆ ಎಳೆಯುತ್ತಾನೆ: ಪಾದವನ್ನು ಸಿ ಆಚೆಗೆ ಚಾಚಿ, ಸಿ ಬಿಂದುವಿನಿಂದ ಎಬಿ ಬಾಹುವಿಗೆ ಸಮಾಂತರ ರೇಖೆ ಎಳೆಯುತ್ತಾನೆ. ಅದರಲ್ಲಿ ಹೊರಕೋನ ಎಂಬುದು ದೂರದ ಎರಡು ಒಳಕೋನಗಳ ಮೊತ್ತ ಎಂಬ ಸಂಗತಿಯೂ ಅದೇ ಹೊಡೆತಕ್ಕೆ ಸಿಗುತ್ತದೆ. ಎರಡನ್ನೂ ತರಗತಿಯಲ್ಲಿ ಮಾಡಿಸಿ.

ಸಮಾಂತರ ರೇಖೆಯ ಬೆಂಬಲ ಇಲ್ಲದಿದ್ದರೆ ಈ 180 ಉಳಿಯುವುದಿಲ್ಲ ಎಂಬುದನ್ನೂ ಚುರುಕಾದ ಮಕ್ಕಳಿಗೆ ತೋರಿಸಬಹುದು. ಶಾಲೆಯ ಭೂಗೋಲದ ಮೇಲೆ ಉತ್ತರ ಧ್ರುವದಿಂದ ಸಮಭಾಜಕ ವೃತ್ತಕ್ಕೆ ಎರಡು ರೇಖಾಂಶಗಳನ್ನು, 90 ಡಿಗ್ರಿ ಅಂತರ ಬಿಟ್ಟು, ಬೆರಳಿನಿಂದ ಇಳಿಸಿ. ಧ್ರುವದಲ್ಲಿ 90, ಕೆಳಗೆ ಎರಡೂ ಕಡೆ 90. ಮೊತ್ತ 270. ಸಪಾಟು ಹಾಳೆಯ ಮೇಲೆ ನಿಜವಾದದ್ದು ಗೋಳದ ಮೇಲೆ ನಿಜವಲ್ಲ. ಹದಿಮೂರು ವರ್ಷದ ಮಗುವಿಗೆ ಇದು ತಿಳಿಯುತ್ತದೆ, ತಿಳಿದಾಗ ಅದರ ಮುಖ ನೋಡಬೇಕು.

ಇಲ್ಲದ ಗೆರೆಯನ್ನು ಎಳೆಯುವ ಅಭ್ಯಾಸಕ್ಕೆ ನನಗೆ ತುಂಬ ಇಷ್ಟವಾದ ಲೆಕ್ಕ ಒಂದಿದೆ. ಮೇಲೊಂದು ಕೆಳಗೊಂದು ಎರಡು ಸಮಾಂತರ ರೇಖೆಗಳು. ಮೇಲಿನದರ ಮೇಲೆ ಎ, ಕೆಳಗಿನದರ ಮೇಲೆ ಬಿ. ಎರಡರ ನಡುವೆ, ಬಲಗಡೆಗೆ ಸಿ ಎಂಬ ಬಿಂದು. ಎ ಇಂದ ಸಿಗೆ, ಸಿ ಇಂದ ಬಿಗೆ ಗೆರೆ ಎಳೆದರೆ ಮೊಣಕೈ ಮಡಚಿದಂತೆ ಕಾಣುತ್ತದೆ. ಎ ಹತ್ತಿರ ಮೇಲಿನ ರೇಖೆಯ ಬಲಭಾಗದೊಂದಿಗೆ 40 ಡಿಗ್ರಿ, ಬಿ ಹತ್ತಿರ ಕೆಳಗಿನ ರೇಖೆಯ ಬಲಭಾಗದೊಂದಿಗೆ 35 ಡಿಗ್ರಿ. ಸಿ ಮಡಿಕೆಯ ಕೋನ ಎಷ್ಟು? ಪಟ್ಟಿ ಬಾಯಿಪಾಠ ಮಾಡಿದ ಮಗು ಚಿತ್ರವನ್ನು ತಿರುಗಿಸಿ ಮರುಗಿಸಿ ನೋಡುತ್ತದೆ. ಎರಡೂ ಸಮಾಂತರ ರೇಖೆಗಳನ್ನು ದಾಟುವ ಒಂದೇ ನೇರ ರೇಖೆ ಅಲ್ಲಿಲ್ಲ, ಆದ್ದರಿಂದ ಅನುರೂಪವೂ ಇಲ್ಲ, ಪರ್ಯಾಯವೂ ಇಲ್ಲ. ‘ಸಿ ಮೂಲಕ ಮೂರನೆಯ ಸಮಾಂತರ ರೇಖೆ ಎಳೆದರೆ?’ ಎಂದು ಯಾರಾದರೂ ಕೇಳುವವರೆಗೆ ಸುಮ್ಮನಿರಿ. ಅದು ಬಂದ ಕ್ಷಣ ಮಡಿಕೆಯ ಕೋನ ಎರಡು ಪಾಲಾಗುತ್ತದೆ, ಮೇಲಿನ ಪಾಲು 40, ಕೆಳಗಿನ ಪಾಲು 35, ಒಟ್ಟು 75. ಉತ್ತರ ಹೇಳಿಕೊಡಬೇಡಿ ಎಂದು ಕೈಮುಗಿದು ಕೇಳುತ್ತೇನೆ. ಒಂದು ಇಡೀ ಅವಧಿ ಹೋದರೂ ಹೋಗಲಿ.

ಬೀದರಿನಿಂದ ಬಂದವರಿಗೆ ಒಂದು ಸೂಚನೆ. ಮಕ್ಕಳನ್ನು ಅಷ್ಟೂರಿಗೆ ಕರೆದುಕೊಂಡು ಹೋದಾಗ ಬಹಮನಿ ಗುಮ್ಮಟಗಳ ಜೊತೆಗೆ ಹಜರತ್ ಖಲೀಲುಲ್ಲಾ ಅವರ ಚೌಖಂಡಿಯನ್ನೂ ನೋಡುತ್ತೀರಿ. ಹೊರಗೋಡೆ ಎಂಟು ಮೂಲೆಯದು, ಒಳಗಿನ ಸಮಾಧಿ ಕೋಣೆ ಚೌಕ. ಹೊರಗೋಡೆಯ ಗುಂಟ ಒಂದು ಸುತ್ತು ನಡೆದರೆ ಎಂಟು ಸಲ ತಿರುಗಬೇಕು, ಹೊರಟಲ್ಲಿಗೆ ಬಂದಾಗ ಒಟ್ಟು ಒಂದೇ ಸುತ್ತು ತಿರುಗಿರುತ್ತೇವೆ. 360ನ್ನು ಎಂಟು ಪಾಲು ಮಾಡಿದರೆ ಒಂದೊಂದು ತಿರುವು 45, ಗೋಡೆಯ ಒಳಕೋನ 135. ಚೌಕದ ಕೋಣೆಯನ್ನು ಸುತ್ತಿದರೆ ನಾಲ್ಕೇ ತಿರುವು, ಒಂದೊಂದು 90. ಬಹುಭುಜದ ಹೊರಕೋನಗಳ ಮೊತ್ತಕ್ಕೆ ಇದಕ್ಕಿಂತ ಒಳ್ಳೆಯ ಪಾಠ ನನಗೆ ಗೊತ್ತಿಲ್ಲ.

ಕೊನೆಯದಾಗಿ ಪರ್ಯಾಯ ಕೋನದ ದೊಡ್ಡ ಕೆಲಸವನ್ನು ಹೇಳುತ್ತೇನೆ. ಕ್ರಿಸ್ತಪೂರ್ವ ಮೂರನೆಯ ಶತಮಾನದಲ್ಲಿ ಅಲೆಕ್ಸಾಂಡ್ರಿಯಾದ ಗ್ರಂಥಾಲಯದ ಮುಖ್ಯಸ್ಥನಾಗಿದ್ದ ಎರಟೊಸ್ತನೀಸ್‌ಗೆ ಒಂದು ಸುದ್ದಿ ಗೊತ್ತಿತ್ತು. ದಕ್ಷಿಣದ ಸೈಯೀನ್ ಊರಿನಲ್ಲಿ, ಅಂದರೆ ಇಂದಿನ ಅಸ್ವಾನಿನಲ್ಲಿ, ಬೇಸಿಗೆಯ ಒಂದು ಮಧ್ಯಾಹ್ನ ಸೂರ್ಯ ನೆತ್ತಿಯ ಮೇಲೆ ಬಂದು ನೆರಳೇ ಬೀಳುವುದಿಲ್ಲ. ಅದೇ ಹೊತ್ತಿಗೆ ಅಲೆಕ್ಸಾಂಡ್ರಿಯಾದಲ್ಲಿ ಸೂರ್ಯ ನೆತ್ತಿಯಿಂದ ಪೂರ್ತಿ ಸುತ್ತಿನ ಐವತ್ತನೆಯ ಒಂದು ಭಾಗದಷ್ಟು, ನಮ್ಮ ಲೆಕ್ಕದಲ್ಲಿ 7.2 ಡಿಗ್ರಿ, ಓರೆಯಾಗಿದ್ದ. ಸೂರ್ಯ ಸುಮಾರು 15 ಕೋಟಿ ಕಿಲೋಮೀಟರ್ ದೂರದಲ್ಲಿರುವುದರಿಂದ ಎರಡೂ ಊರಿಗೆ ಬೀಳುವ ಕಿರಣಗಳನ್ನು ಸಮಾಂತರ ಎಂದು ಹಿಡಿಯಬಹುದು. ಎರಡೂ ಊರಿನ ನೆಟ್ಟನೆಯ ಕೋಲುಗಳನ್ನು ಭೂಮಿಯ ಒಳಕ್ಕೆ ಚಾಚಿದರೆ ಕೇಂದ್ರದಲ್ಲಿ ಕೂಡುತ್ತವೆ. ಅಲೆಕ್ಸಾಂಡ್ರಿಯಾದ ಕೋಲಿನ ರೇಖೆಯೇ ಛೇದಕ. ಮೇಲಿನ 7.2ಕ್ಕೆ ಕೇಂದ್ರದಲ್ಲಿರುವ ಕೋನ ಪರ್ಯಾಯ, ಆದ್ದರಿಂದ ಸಮ. ಎರಡೂರಿನ ನಡುವೆ, ಅಂದಿನ ಗ್ರೀಕರ ದೂರದ ಅಳತೆಯಲ್ಲಿ, 5000 ಸ್ಟೇಡಿಯಾ ದೂರವಿದೆ ಎಂದು ಅವನು ಹಿಡಿದ, ಐವತ್ತರಿಂದ ಗುಣಿಸಿದ, ಭೂಮಿಯ ಸುತ್ತಳತೆ ಎರಡೂವರೆ ಲಕ್ಷ ಸ್ಟೇಡಿಯಾ ಎಂದ.

ಈಗ ನಮ್ಮ ಊರಿಗೆ ಬನ್ನಿ. ಕಲಬುರಗಿ ಸುಮಾರು 17.3 ಡಿಗ್ರಿ ಉತ್ತರ ಅಕ್ಷಾಂಶ, 76.8 ಪೂರ್ವ ರೇಖಾಂಶದಲ್ಲಿದೆ. ದೆಹಲಿ 28.6 ಉತ್ತರ, 77.2 ಪೂರ್ವ. ರೇಖಾಂಶ ಹೆಚ್ಚೂಕಡಿಮೆ ಒಂದೇ, ಅಂದರೆ ದೆಹಲಿ ನಮಗೆ ಬಹುತೇಕ ನೇರ ಉತ್ತರಕ್ಕಿದೆ. ಎರಟೊಸ್ತನೀಸ್‌ನ ಪ್ರಯೋಗಕ್ಕೆ ಇಂಥ ಜೋಡಿಯೇ ಬೇಕು. ಮೇ ತಿಂಗಳ ಎರಡನೆಯ ವಾರದಲ್ಲಿ ಮತ್ತು ಆಗಸ್ಟ್ ಆರಂಭದಲ್ಲಿ ಕಲಬುರಗಿಯ ನೆತ್ತಿಯ ಮೇಲೆ ಸೂರ್ಯ ಬರುತ್ತಾನೆ, ನಾವೇ ಸೈಯೀನ್ ಆಗುತ್ತೇವೆ. ಆ ಹೊತ್ತಿಗೆ ದೆಹಲಿಯಲ್ಲಿ ಒಂದು ಮೀಟರ್ ಕೋಲಿಗೆ ಸುಮಾರು 20 ಸೆಂಟಿಮೀಟರ್ ನೆರಳು ಇರುತ್ತದೆ, ಕೋನ 11.3 ಡಿಗ್ರಿ. ಪೂರ್ತಿ ಸುತ್ತಿನಲ್ಲಿ ಅಂಥ ಸುಮಾರು 32 ಪಾಲುಗಳಿವೆ. ನೇರ ದೂರ ಸುಮಾರು 1250 ಕಿಲೋಮೀಟರ್. ಗುಣಿಸಿದರೆ 40,000. ಭೂಮಿಯ ಸುತ್ತಳತೆ ಅಷ್ಟೇ ಇದೆ.

ಮಾತು ಮುಗಿದ ಮೇಲೆ ಯಾದಗಿರಿ ಕಡೆಯ ಶಿಕ್ಷಕಿಯೊಬ್ಬರು ಎದ್ದು, ಮೇ ತಿಂಗಳಲ್ಲಿ ಶಾಲೆಗೆ ರಜೆ, ಆಗಸ್ಟಿನಲ್ಲಿ ಮೋಡ, ಮಾಡಿಸುವುದು ಯಾವಾಗ ಸರ್ ಎಂದು ಕೇಳಿದರು. ನ್ಯಾಯವಾದ ಪ್ರಶ್ನೆ. ಸೂರ್ಯ ನೆತ್ತಿಯ ಮೇಲೇ ಇರಬೇಕೆಂದಿಲ್ಲ. ಡಿಸೆಂಬರ್ 22ರಂದು, ರಾಮಾನುಜನ್ ಹುಟ್ಟಿದ ದಿನವೆಂದು ರಾಷ್ಟ್ರೀಯ ಗಣಿತ ದಿನ ಆಚರಿಸುತ್ತೇವಲ್ಲ, ಅಂದೇ ಮಾಡಿ. ದೆಹಲಿಯಲ್ಲಿ ಕೆಲಸಕ್ಕಿರುವ ನಿಮ್ಮೂರಿನವರು ಯಾರಾದರೂ ಇದ್ದರೆ ಮೊಬೈಲಿನಲ್ಲಿ ಮಾತನಾಡಿಕೊಳ್ಳಿ. ಇಬ್ಬರೂ ಒಂದೊಂದು ಮೀಟರಿನ ಕೋಲನ್ನು ಸಪಾಟು ನೆಲದ ಮೇಲೆ, ದಾರಕ್ಕೆ ಕಲ್ಲು ಕಟ್ಟಿ ನೋಡಿ ನೆಟ್ಟಗೆ ನಿಲ್ಲಿಸಿ. ಗಡಿಯಾರದ 12 ಗಂಟೆಗೆ ಅಳೆಯಬೇಡಿ. ನಮ್ಮ ಗಡಿಯಾರದ ಸಮಯ 82.5 ಡಿಗ್ರಿ ರೇಖಾಂಶದ್ದು, ನಾವು ಅದರ ಪಶ್ಚಿಮಕ್ಕಿದ್ದೇವೆ. 12 ದಾಟಿದಾಗಿನಿಂದ ಐದೈದು ನಿಮಿಷಕ್ಕೊಮ್ಮೆ ನೆರಳಿನ ತುದಿಗೆ ಗುರುತು ಹಾಕುತ್ತ ಹೋಗಿ. 12 ಗಂಟೆ 20 ನಿಮಿಷದ ಆಸುಪಾಸಿನಲ್ಲಿ ನೆರಳು ಎಲ್ಲಕ್ಕಿಂತ ಗಿಡ್ಡವಾಗುತ್ತದೆ, ಅದನ್ನೇ ಹಿಡಿಯಿರಿ. ಇಲ್ಲಿ ಸುಮಾರು 86 ಸೆಂಟಿಮೀಟರ್ ಬರಬೇಕು, ದೆಹಲಿಯಲ್ಲಿ 128. ಹಾಳೆಯ ಮೇಲೆ ಹತ್ತನೆಯ ಒಂದು ಅಳತೆಗೆ ಲಂಬಕೋನ ತ್ರಿಭುಜ ಬರೆದು ಕೋನ ಅಳೆದರೆ ಇಲ್ಲಿ 41ರ ಹತ್ತಿರ, ಅಲ್ಲಿ 52ರ ಹತ್ತಿರ ಸಿಗುತ್ತದೆ. ಕಳೆದರೆ ಉಳಿಯುವುದು ಅದೇ 11 ಚಿಲ್ಲರೆ.

ಕಳೆಯುವುದು ಏಕೆ ಸರಿ ಎಂದು ಆ ಶಿಕ್ಷಕಿ ಮತ್ತೆ ಕೇಳಿದರು. ಅದನ್ನು ನಾನು ಹಲಗೆಯ ಮೇಲೆ ಬಿಡಿಸಲಿಲ್ಲ. ಎರಡು ಕೋಲುಗಳು, ಎರಡು ಸಮಾಂತರ ಕಿರಣಗಳು, ಭೂಮಿಯ ಕೇಂದ್ರ, ಇಷ್ಟನ್ನು ಮಾತ್ರ ಬರೆದು, ಕೇಂದ್ರದ ಮೂಲಕ ಏನನ್ನಾದರೂ ಎಳೆಯಬೇಕು ಅನ್ನಿಸುತ್ತದೆಯೇ ಎಂದು ನಿಮ್ಮ ಮಕ್ಕಳನ್ನು ಕೇಳಿ ಎಂದೆ.